ಭಾವ ಪಿಸ್ತೂಲು ವಿಚಾರಿಸಿದ್ದು

ನಮ್ಮ ಭಾವನಿಗೆ ಅಂಗಡಿಯವರ ಮಾತಿನಲ್ಲಿ ನಂಬಿಕೆಯಿಲ್ಲ. ಯಾವ ವಸ್ತು ಬೇಕಾದರೂ ಮೊದಲು ಅದನ್ನು ಈಗಾಗಲೇ ಇಟ್ಟುಕೊಂಡಿರುವವರನ್ನು ಹುಡುಕಿ, ಕೂರಿಸಿ, ಕಾಫಿ ಕೊಟ್ಟು ವಿಚಾರಿಸುತ್ತಾರೆ. "ಮಾರೋನು ಸುಳ್ಳು ಹೇಳ್ತಾನೆ, ಇಟ್ಕೊಂಡೋನು ಹೇಳಲ್ಲ" ಎನ್ನುವುದು ಅವರ ಸಿದ್ಧಾಂತ. ಜಪಾನಿನ ಕಾರು ಕೊಳ್ಳುವ ಮೊದಲು, ಗ್ಯಾಸ್ ಸ್ಟೇಷನ್ನಿನಲ್ಲಿ ಅದೇ ಕಾರು ನಿಲ್ಲಿಸಿಕೊಂಡಿದ್ದ ಅಪರಿಚಿತನೊಬ್ಬನ ಬಳಿ ಹೋಗಿ, ನೀವು ಸಂತೋಷವಾಗಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ಆತ ಸ್ವಲ್ಪ ಹೊತ್ತು ಯೋಚಿಸಿ, ಹೆಂಡತಿ ಬಿಟ್ಟುಹೋದ ಕತೆಯನ್ನು ಪೂರ್ತಿ ಹೇಳಿದ. ಭಾವ ತಾಳ್ಮೆಯಿಂದ ಕೇಳಿ, ಕೊನೆಗೆ ಮೈಲೇಜು ಎಷ್ಟು ಬರುತ್ತದೆಂದು ತಿಳಿದುಕೊಂಡೇ ವಾಪಸು ಬಂದರು. ಅಕ್ಕ ನಮ್ಮ ಹಳೆಯ ಕಾರಿನೊಳಗೆ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಿದ್ದಳು.

ಇದೇ ಪದ್ಧತಿಯಲ್ಲಿ ಅವರು ಒಂದು ಸಲ ಪಿಸ್ತೂಲು ವಿಚಾರಿಸಿದರು. ನನಗಾಗಿ.

ಆಗ ನಾನು ಓದು ಮುಗಿಸಿ, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ಇದ್ದದ್ದು ಸ್ಯಾನ್ ಹೊಸೆಯಲ್ಲಿ, ಅಕ್ಕ ಭಾವನ ಮನೆಯಲ್ಲಿ. ದಿನವೂ ಫ್ರೀವೇಯಲ್ಲಿ ಹೋಗುವಾಗ ಒಂದು ಗಂಟೆ, ಬರುವಾಗ ಒಂದೂವರೆ. ಪ್ರಯೋಗಾಲಯದಲ್ಲಿ ನಾನು ಬೆಳೆಸುತ್ತಿದ್ದ ಜೀವಕೋಶಗಳಿಗೆ ಶನಿವಾರ ಭಾನುವಾರಗಳ ಅರಿವಿಲ್ಲ. ಎಳೆಗೂಸುಗಳ ಹಾಗೆ ಹೊತ್ತಿಗೆ ಸರಿಯಾಗಿ ಅವಕ್ಕೆ ಊಟ ಹಾಕಬೇಕು. ಆದರೆ ದೂರ ನಿಜವಾದ ಕಾರಣವಲ್ಲ. ಅಕ್ಕನ ಮನೆಯಲ್ಲಿ ನನಗೆ ಯಾವುದಕ್ಕೂ ಕಡಿಮೆ ಇರಲಿಲ್ಲ, ಕೋಣೆಯ ಬಾಗಿಲು ಮುಚ್ಚಿಕೊಳ್ಳುವುದೊಂದನ್ನು ಬಿಟ್ಟು. ಮುಚ್ಚಿದರೆ ಅಕ್ಕ ಬಂದು ತಲೆನೋವಾ ಎಂದು ಕೇಳುತ್ತಿದ್ದಳು. ಮನೆಗೆ ಜನ ಬಂದರೆ ಎಲ್ಲರ ಕೋಟುಗಳೂ ನನ್ನ ಮಂಚದ ಮೇಲೆ ಬೀಳುತ್ತಿದ್ದವು. ಕೋಟುಗಳ ನಡುವೆ ಯಾರದಾದರೂ ಒಂದು ಮಗು ನಿದ್ದೆ ಮಾಡುತ್ತಿರುತ್ತಿತ್ತು. ಪುಸ್ತಕ ಓದಬೇಕೆಂದರೆ ಮಗುವಿನ ಪಕ್ಕ ಒಂದು ಇಂಚು ಜಾಗ ಮಾಡಿಕೊಂಡು ಕೂರಬೇಕಿತ್ತು.

ಪ್ರಯೋಗಾಲಯಕ್ಕೆ ಹತ್ತು ನಿಮಿಷದ ದೂರದಲ್ಲಿ, ಗುಡ್ಡದ ಇಳಿಜಾರಿನ ಒಂದು ಬೀದಿಯಲ್ಲಿ, ನಾನೊಂದು ಅಪಾರ್ಟ್‌ಮೆಂಟು ನೋಡಿ ಬಂದಿದ್ದೆ. ಕೆಳಗೆ ಮಾಲೀಕಳಾದ ಮುದುಕಿ, ವಿಧವೆ. ಮೇಲೆ ಒಂದು ಕೋಣೆ, ಅಡುಗೆಮನೆ, ಏರ್‌ಪೋರ್ಟಿನ ಕಡೆಗೆ ಒಂದು ಕಿಟಕಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬದವರೆಗೂ, ಅಂದರೆ ನವೆಂಬರ್ ಕೊನೆಯವರೆಗೂ, ನಿನಗಾಗಿ ಇಟ್ಟಿರುತ್ತೇನೆ ಎಂದು ಆಕೆ ಹೇಳಿದರು. ಆಮೇಲೆ ಅದನ್ನು ತಮ್ಮ ಅಕ್ಕನ ಮಗನಿಗೆ ಕೊಡಬೇಕಾಗುತ್ತದೆ. ಕೊಡಲು ತಮಗೆ ಸ್ವಲ್ಪವೂ ಇಷ್ಟವಿಲ್ಲ, ಅವನು ಡ್ರಮ್ಮು ಬಾರಿಸುತ್ತಾನೆ.

ಈ ವಿಷಯವನ್ನು ಮನೆಯಲ್ಲಿ ಹೇಳಲು ನಾನು ದೀಪಾವಳಿಗೆ ಎಲ್ಲರೂ ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ಕಿನ ದಿನವನ್ನು ಆರಿಸಿಕೊಂಡೆ. ಅಷ್ಟು ಜನರ ಗದ್ದಲದಲ್ಲಿ ಸುದ್ದಿ ಸಣ್ಣದಾಗಿ ಕಾಣಬಹುದೆಂದು ಲೆಕ್ಕ ಹಾಕಿದ್ದೆ. ನಾನು ಹೇಳಿದ ಕೂಡಲೇ ಅಡುಗೆಮನೆಯ ಸೌಟುಗಳೆಲ್ಲ ನಿಂತು, ಎಲ್ಲರೂ ನನ್ನ ಕಡೆ ತಿರುಗಿದರು.

"ಒಬ್ಳೇನಾ?" ಎಂದಳು ಅಕ್ಕ.

"ಹೂಂ."

"ಒಬ್ಳೇ ಅಂದ್ರೆ, ಪೂರ್ತಿ ಒಬ್ಳೇ?"

ಭಾಗಶಃ ಒಬ್ಬಳೇ ಇರುವುದು ಹೇಗೆಂದು ನನಗೆ ತಿಳಿದಿರಲಿಲ್ಲ. ಅಕ್ಕ ಎಲ್ಲರ ಕಡೆ ತಿರುಗಿ, ತಮಾಷೆ ಮಾಡುವವಳ ಹಾಗೆ, "ನೋಡಮ್ಮಾ, ಒಂದು ಮದುವೆ ಮಾಡ್ಕೋ, ಇಲ್ಲಾಂದ್ರೆ ಪಿಸ್ತೂಲು ಇಟ್ಕೋ. ಎರಡರಲ್ಲಿ ಒಂದು" ಎಂದಳು. ಎಲ್ಲರೂ ನಕ್ಕರು. ಭಾವ ಮಾತ್ರ ನಗಲಿಲ್ಲ. ಅವರು ಪುಳಿಯೋಗರೆಯ ತಟ್ಟೆಯನ್ನು ಪಕ್ಕಕ್ಕಿಟ್ಟು, ಗಂಭೀರವಾಗಿ ಸುತ್ತ ನೋಡಿ ಕೇಳಿದರು: "ಪಿಸ್ತೂಲು ಯಾರ್ಯಾರ ಹತ್ರ ಇದೆ?"

ನನಗೆ ಅವರು ಹಾಕಿದ ಕರಾರು ಸರಳವಾಗಿತ್ತು. "ಒಳ್ಳೇದೊಂದು ಸಿಗಲಿ. ಜಾಸ್ತಿ ರೇಟು ಇರಬಾರದು, ಕೈ ಕೊಡಬಾರದು. ಸಿಕ್ಕಿದ ದಿನ ನೀನು ಹೋಗು. ನಾನೇ ಸಾಮಾನು ಹೊತ್ತು ಹಾಕ್ತೀನಿ." ವರನ ವಿಷಯದಲ್ಲೂ ಅವರು ಹಿಂದೊಮ್ಮೆ ಇದೇ ಎರಡು ಗುಣಗಳನ್ನು ಹೇಳಿದ್ದರು; ವರನಿಗಿಂತ ಪಿಸ್ತೂಲು ಬೇಗ ಸಿಕ್ಕೀತೆಂದು ನಾನು ಒಪ್ಪಿಕೊಂಡೆ. ಮುದುಕಿ ಹೇಳಿದ ಹಬ್ಬಕ್ಕೆ ಇನ್ನೂ ಒಂದು ತಿಂಗಳಿತ್ತು.

ನಮ್ಮ ಸಾರು ಹುಳಿ ಉಣ್ಣುವ ಸೌಮ್ಯ ಸಮಾಜದಲ್ಲಿ ಅಷ್ಟೊಂದು ಬಂದೂಕುಗಳಿದ್ದದ್ದು ಆಗಲೇ ನನಗೆ ಗೊತ್ತಾದದ್ದು. ಬಂದೂಕಿಲ್ಲದವರಲ್ಲೂ ಅಭಿಪ್ರಾಯಗಳಿದ್ದವು. ಪ್ರತಿ ಶನಿವಾರ ಭಾವ ನನ್ನನ್ನು ಕೂರಿಸಿಕೊಂಡು ಒಬ್ಬೊಬ್ಬರ ಮನೆಗೆ ಹೋಗುತ್ತಿದ್ದರು. ಮನೆಯಾಕೆ ತಿಂಡಿ ಕೊಡುತ್ತಿದ್ದರು; ಮನೆಯಾತ ಬಾಗಿಲು ಹಾಕಿ, ಪರದೆ ಎಳೆದು, ಬೀರುವಿನಿಂದ ಏನೋ ಒಂದನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಮೊದಲ ಸಲ ಅದು ಹಕ್ಕಿ ಹೊಡೆಯುವ, ಎರಡು ನಳಿಗೆಯ ಹಳೆಯ ಕೋವಿಯಾಗಿತ್ತು. "ಇದನ್ನ ಹ್ಯಾಂಡ್‌ಬ್ಯಾಗಲ್ಲಿ ಇಡೋಕಾಗಲ್ವಲ್ಲ" ಎಂದು ಭಾವ ಬೇಸರಪಟ್ಟರು.

ಆ ವಾರಗಳಲ್ಲಿ ನಾನು ಕಲಿತದ್ದಿಷ್ಟು. ಕೈಬಂದೂಕಿನಲ್ಲಿ ಎರಡು ಜಾತಿ. ರಿವಾಲ್ವರಿನಲ್ಲಿ ಗುಂಡು ತುಂಬಿದ ತೋಟೆಗಳು, ತಿರುಗುವ ಒಂದು ಉರುಳೆಯಲ್ಲಿರುತ್ತವೆ. ಅದು ದಪ್ಪ, ಸರಳ, ಹೇಳಿದಷ್ಟು ಕೇಳುತ್ತದೆ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ ತೋಟೆಗಳು ಹಿಡಿಯೊಳಗಿನ ಡಬ್ಬಿಯಲ್ಲಿರುತ್ತವೆ. ಒಂದು ಹಾರಿದ ಕೂಡಲೇ ಮೇಲಿನ ಸ್ಲೈಡು ಹಿಂದಕ್ಕೆ ಜಾರಿ, ಖಾಲಿ ಕೊಳವೆಯನ್ನು ಹೊರಗೆಸೆದು, ಮುಂದಿನದನ್ನು ತಾನೇ ತುಂಬಿಕೊಳ್ಳುತ್ತದೆ. ಅದು ತೆಳು, ಚುರುಕು. ಆದರೆ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: ನಂಬುವ ಹಾಗಿಲ್ಲ.

ಓಕ್ಲ್ಯಾಂಡಿನಲ್ಲಿ ಗಂಡನ ಜೊತೆ ಅಂಗಡಿ ನಡೆಸುತ್ತಿದ್ದ ಉಡುಪಿಯ ಕಡೆಯ ಆಂಟಿಯೊಬ್ಬರು ಕೈಮುಟ್ಟಿ ಹೇಳಿದರು. "ಎಂತಕ್ಕೆ ಮಾರಾಯ್ತಿ ನಿನಗೆ ಪಿಸ್ತೂಲು? ರಿವಾಲ್ವರ್ ತಕೋ. ಪಿಸ್ತೂಲು ಉಂಟಲ್ಲ, ಅದು ಮೂರನೇ ಗುಂಡಿಗೆ ಸಿಕ್ಕಿ ಹಾಕಿಕೊಳ್ತದೆ."

"ನಿಮ್ಮದು ಹಾಗಾಗಿತ್ತಾ ಆಂಟಿ?"

"ನನ್ನದು ರಿವಾಲ್ವರ್ ಅಲ್ವಾ! ನನ್ನದಕ್ಕೆ ಎಂತ ಆಗ್ತದೆ?"

ಎಲ್ ಕಮಿನೊ ರಸ್ತೆಯ ಬಂದೂಕಿನ ಅಂಗಡಿಗೂ ಒಂದು ಸಂಜೆ ಹೋದೆವು, ಕೊಳ್ಳಲು ಅಲ್ಲ, ನೋಡಲು. ಗಾಜಿನ ಪೆಟ್ಟಿಗೆಯ ಹಿಂದಿದ್ದ ಗಡ್ಡದ ಮನುಷ್ಯ ಮೂರನ್ನು ತೆಗೆದಿಟ್ಟ. ಇಟಲಿಯದು ಚೆಲುವಾಗಿತ್ತು, ದುಬಾರಿ. ಬ್ರೆಜಿಲಿನದು ಇಟಲಿಯದರ ಅಚ್ಚಿನಲ್ಲೇ ಎರಕ ಹೊಯ್ದ ಹಾಗಿತ್ತು, ಅಷ್ಟು ದುಬಾರಿಯಲ್ಲ. ಸ್ಪೇನಿನದು ಇನ್ನೂ ಅಗ್ಗ. ಭಾವ ಒಂದೊಂದನ್ನೂ ತರಕಾರಿಯ ಹಾಗೆ ತಿರುಗಿಸಿ ನೋಡಿ, ಗ್ಯಾರಂಟಿ ಎಷ್ಟು ವರ್ಷ, ಸರ್ವಿಸಿಂಗು ಎಷ್ಟು ದಿನಕ್ಕೊಮ್ಮೆ, ನಾಳೆ ಮಾರಿದರೆ ಎಷ್ಟು ಬರುತ್ತದೆ ಎಂದು ಕೇಳಿದರು. ಯಾವ ಕೆಲಸಕ್ಕೆ ಬೇಕು ಎಂದು ಆತ ಕೇಳಿದಾಗ ನನ್ನ ಕಡೆ ಕೈತೋರಿಸಿ, "ಮನೆ ಮಾಡ್ತಾ ಇದ್ದಾಳೆ" ಎಂಬರ್ಥದ್ದೇನೋ ಹೇಳಿದರು. ಆತ ನನ್ನನ್ನು ನೋಡಿ, ಅಭಿನಂದನೆಗಳು ಎಂದ. ಈ ರಾಜ್ಯದಲ್ಲಿ ಹಣ ಕೊಟ್ಟ ಮೇಲೂ ಪಿಸ್ತೂಲು ಕೈಗೆ ಬರಲು ಎರಡು ವಾರ ಕಾಯಬೇಕೆಂದೂ ಹೇಳಿದ. ನಾನು ಮನಸ್ಸಿನಲ್ಲೇ ಹಬ್ಬದಿಂದ ಹಿಂದಕ್ಕೆ ಎಣಿಸಿದೆ.

ವಾಪಸು ಬರುವಾಗ ಭಾವ ಹೇಳಿದರು: "ಬ್ರೆಜಿಲ್‌ದು ಪರವಾಗಿಲ್ಲ ಅನ್ಸುತ್ತೆ. ಆದ್ರೆ ಎಲ್ರೂ ಮೂರನೇ ಗುಂಡು ಮೂರನೇ ಗುಂಡು ಅಂತಾರಲ್ಲಮ್ಮ. ಇನ್ನೂ ನಾಲ್ಕು ಜನಾನ ಕೇಳೋಣ."

ಕೇಳಿದೆವು. ಅವರೂ ಮೂರನೇ ಗುಂಡು ಎಂದರು. ವಾರಗಳು ಹೋದವು. ಮಾಲೀಕಳಾದ ಮುದುಕಿ ಒಮ್ಮೆ ಪ್ರಯೋಗಾಲಯಕ್ಕೇ ಫೋನು ಮಾಡಿ, ತಮ್ಮ ಅಕ್ಕನ ಮಗ ಡ್ರಮ್ಮು ಇಡುವ ಮೂಲೆಯನ್ನು ಅಳೆದುಕೊಂಡು ಹೋದನೆಂದು ತಿಳಿಸಿದರು. ಆ ದಿನ ನಾನು ಕೆಲಸದ ಮೇಜಿನ ಮುಂದೆ ಸುಮ್ಮನೆ ಕೂತು ಯೋಚಿಸಿದೆ. ನಮ್ಮ ಕೆಲಸದಲ್ಲಿ ಹತ್ತು ಬಟ್ಟಲುಗಳಲ್ಲಿ ಒಂದೇ ಬಗೆಯ ಬೂಷ್ಟು ಕಂಡರೆ ಬಟ್ಟಲುಗಳನ್ನು ಬೈಯುವುದಿಲ್ಲ. ಎಲ್ಲಕ್ಕೂ ನೀರು ಎಲ್ಲಿಂದ ಬಂತೆಂದು ಹುಡುಕುತ್ತೇವೆ. ಎಲ್ಲ ಪಿಸ್ತೂಲುಗಳೂ ಮೂರನೇ ಗುಂಡಿಗೇ ಏಕೆ ನಿಲ್ಲಬೇಕು? ಎರಡನೆಯದಕ್ಕೆ ಏಕಿಲ್ಲ?

ಸಂಜೆ ಉಡುಪಿಯ ಆಂಟಿಗೆ ಫೋನು ಮಾಡಿ, ಮೂರನೇ ಗುಂಡಿನ ಮಾತನ್ನು ಹೇಳಿದ್ದು ಯಾರು ಎಂದು ಕೇಳಿದೆ. "ಡಾಕ್ಟ್ರು" ಎಂದರು. ಹಕ್ಕಿಯ ಕೋವಿ ತೋರಿಸಿದ್ದವರನ್ನು ಕೇಳಿದೆ. ಅವರಿಗೆ ಆಂಟಿಯ ಗಂಡ ಹೇಳಿದ್ದು. ಇನ್ನೊಬ್ಬರು, ತಾವೇ ಕಣ್ಣಾರೆ ನೋಡಿದ್ದಾಗಿ ಮೊದಲು ಹೇಳಿದ್ದವರು, ಸ್ವಲ್ಪ ಒತ್ತಾಯಿಸಿದ ಮೇಲೆ, ಡಾಕ್ಟರ ಬಾಯಿಂದ ಕಿವಿಯಾರೆ ಕೇಳಿದ್ದೆಂದು ತಿದ್ದಿಕೊಂಡರು. ಹೀಗೆ ಊರು ತುಂಬ ಹರಡಿದ್ದ ಅಷ್ಟೂ ಅಭಿಪ್ರಾಯಗಳ ಬುಡದಲ್ಲಿ ಇದ್ದದ್ದು ಒಂದೇ ಪಿಸ್ತೂಲು. ಅದು ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಧಾರವಾಡದ ಡಾಕ್ಟರೊಬ್ಬರದು, ಬ್ರೆಜಿಲಿನದು.

ಇದನ್ನು ಭಾವನಿಗೆ ಹೇಳಿದೆ. ಅವರ ಸಿದ್ಧಾಂತಕ್ಕೆ ಪೆಟ್ಟು ಬಿದ್ದಿತ್ತು. "ಹಾಗಾದ್ರೆ ಆ ಪಿಸ್ತೂಲನ್ನೇ ನೋಡಬೇಕು" ಎಂದರು.

ಡಾಕ್ಟರು ಉದಾರಿ. ಶನಿವಾರ ಬೆಳಿಗ್ಗೆ ಸಮುದ್ರದ ಕಡೆಯ ಗುಡ್ಡದಲ್ಲಿರುವ ಗುಂಡು ಹಾರಿಸುವ ಮೈದಾನಕ್ಕೇ ಬನ್ನಿ, ನೀವೇ ನೋಡಿ ಎಂದರು. ಹಬ್ಬಕ್ಕೆ ಇನ್ನು ಒಂದು ವಾರವೂ ಇರಲಿಲ್ಲ; ಅಂಗಡಿಗೆ ಹಣ ಕಟ್ಟಿದ ದಿನವೇ ನಾನು ಹೋಗಬಹುದೆಂದು ಭಾವನನ್ನು ಒಪ್ಪಿಸಿದ್ದೆ. ನಾನು, ಭಾವ, ಅಕ್ಕ ಹೋದೆವು. ಡಾಕ್ಟರ ಜೊತೆ ಅವರ ತಾಯಿಯೂ ಬಂದಿದ್ದರು. ಒಂದೂವರೆ ವರ್ಷದಿಂದ ಮಗನ ಮನೆಯಲ್ಲೇ ಇದ್ದ ಅವರು, ಇಳಕಲ್ ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ಟು ತೊಟ್ಟು, ಮಡಿಲಲ್ಲಿ ಉಪ್ಪಿಟ್ಟಿನ ಡಬ್ಬಿ ಇಟ್ಟುಕೊಂಡು ಕಾರಿನಲ್ಲಿ ಕೂತಿದ್ದರು.

"ಬರ್ರಿ ಬರ್ರಿ" ಎಂದು ನಕ್ಕರು. "ಒಂದು ಪಿಸ್ತೂಲು ನೋಡಾಕ ಇಷ್ಟು ಮಂದಿ ಬಂದೀರಲ್ಲ! ನನ್ನ ನೋಡಾಕ ಬಂದಾಗ ಸೈತ ಇಷ್ಟು ಮಂದಿ ಇದ್ದಿರಲಿಲ್ಲ."

"ಆಗ ನೀವು ಮೂರನೇ ಗುಂಡಿಗೆ ನಿಂತುಹೋಗ್ತಿರಲಿಲ್ಲವಲ್ಲ ಅಜ್ಜಿ" ಎಂದಳು ಅಕ್ಕ.

"ನಾ ಈಗೂ ನಿಲ್ಲಂಗಿಲ್ಲ" ಎಂದು ಅಜ್ಜಿ ಕಿವಿಗೆ ಹತ್ತಿ ತುರುಕಿಕೊಂಡರು.

ಗುಡ್ಡದ ಮೇಲೆಲ್ಲ ಮಂಜು ಮುಚ್ಚಿತ್ತು. ಕೈಬೆರಳು ಮರಗಟ್ಟುವ ಚಳಿ. ನಮ್ಮ ಕಿವಿಗಳಿಗೆ ದೊಡ್ಡ ಮುಚ್ಚಳಗಳನ್ನು ಹಾಕಿ ಡಾಕ್ಟರು ಗುರಿಯಿಟ್ಟರು. ಒಂದು ಹಾರಿತು. ಎರಡು ಹಾರಿತು. ಮೂರನೆಯದಕ್ಕೆ ಸ್ಲೈಡು ಅರ್ಧ ದಾರಿಯಲ್ಲಿ ನಿಂತು, ಖಾಲಿ ಕೊಳವೆ ಬಾಗಿಲಲ್ಲಿ ಸಿಕ್ಕಿಕೊಂಡ ಬಾಲದ ಹಾಗೆ ಮೇಲಕ್ಕೆ ಚಾಚಿಕೊಂಡಿತು.

ಭಾವ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಗೆದ್ದ ಸಂತೋಷವೂ ಇತ್ತು, ನನಗಾಗಿ ದುಃಖವೂ ಇತ್ತು. "ನೋಡಿದ್ಯಾ? ಜನ ಸುಮ್ಮನೆ ಹೇಳಲ್ಲ."

ನನ್ನ ಕಿಟಕಿಯ ಬಳಿ ಡ್ರಮ್ಮು ಕೂತದ್ದು ನನಗೆ ಸ್ಪಷ್ಟವಾಗಿ ಕಂಡಿತು.

ಡಾಕ್ಟರು ತೋಟೆಗಳ ಡಬ್ಬಿ ತೆಗೆದು, ಸಿಕ್ಕಿದ್ದನ್ನು ಬಿಡಿಸಿ, ಪಿಸ್ತೂಲನ್ನು ಖಾಲಿ ಮಾಡಿ ಮೇಜಿನ ಮೇಲಿಟ್ಟರು. ನಾನು ಬಗ್ಗಿ ನೋಡಿದೆ. ಸ್ಲೈಡು ಜಾರುವ ಜಾಡಿನ ಉದ್ದಕ್ಕೂ ಏನೋ ಮೆತ್ತಿಕೊಂಡಿತ್ತು: ಬೆಳ್ಳಗೆ, ಮೇಣದ ಹಾಗೆ ಗಟ್ಟಿ, ಅಲ್ಲಲ್ಲಿ ಗುಲಾಬಿ ಬಣ್ಣ. ಉಗುರಿನಿಂದ ಕೆರೆದು ಮೂಗಿನ ಬಳಿ ಹಿಡಿದೆ. ಅದು ಭಾನುವಾರ ಬೆಳಗಿನ ಎಣ್ಣೆಸ್ನಾನದ ವಾಸನೆ.

"ಡಾಕ್ಟರೇ, ಇದಕ್ಕೆ ಯಾವ ಎಣ್ಣೆ ಹಾಕ್ತೀರಿ?"

ಡಾಕ್ಟರು ಕಾರಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ನಾ ಹಾಕಂಗಿಲ್ಲ. ಅವ್ವ ಹಾಕ್ತಾಳ" ಎಂದರು.

ಪಿಸ್ತೂಲು ಮನೆಗೆ ಬಂದ ವಾರವೇ ಹಿಂದಿನ ವರ್ಷದ ನವರಾತ್ರಿ. ಅಜ್ಜಿ ಆಯುಧಪೂಜೆಗೆ ಮಗನ ಸ್ಟೆತಸ್ಕೋಪು, ಕಾರಿನ ಕೀಲಿ, ಅಡುಗೆಮನೆಯ ಚಾಕು, ಈಳಿಗೆಮಣೆ ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಆಯುಧವೆಂದೇ ಹೇಳಿಸಿಕೊಳ್ಳುವ ಒಂದು ವಸ್ತು ಮನೆಯಲ್ಲಿರುವಾಗ ಅದನ್ನು ಬಿಡುವುದುಂಟೇ? ಕಬ್ಬಿಣಕ್ಕೆ ಎಣ್ಣೆ ಸವರದೆ ಕುಂಕುಮ ಇಡಬಾರದೆಂದು ಮೊದಲು ಚೆನ್ನಾಗಿ ಕೊಬ್ಬರಿ ಎಣ್ಣೆ ಸವರಿ, ಮೇಲೆ ಅರಿಶಿನ ಕುಂಕುಮ ಏರಿಸಿದರು. ಆಮೇಲೂ ತುಕ್ಕು ಹಿಡಿಯಬಾರದೆಂದು ಆಗಾಗ, ತಮ್ಮ ತಲೆಗೆ ಹಚ್ಚಿಕೊಳ್ಳುವಾಗ ಉಳಿದದ್ದನ್ನು ಅದಕ್ಕೂ ಹಚ್ಚುತ್ತಿದ್ದರು. ಧಾರವಾಡದ ಹೊಲಿಗೆ ಯಂತ್ರ ಅದೇ ಎಣ್ಣೆಯಲ್ಲಿ ಜೀವಮಾನವಿಡೀ ಓಡಿತ್ತು. ಆದರೆ ಧಾರವಾಡದಲ್ಲಿ ಎಣ್ಣೆ ಎಣ್ಣೆಯಾಗಿರುತ್ತದೆ. ಸಮುದ್ರದ ಮಂಜಿನಲ್ಲಿ ಅದು ಕೊಬ್ಬಾಗಿತ್ತು. ಈ ವರ್ಷದ ನವರಾತ್ರಿಯದೂ ಅದರ ಮೇಲೆ ಸೇರಿತ್ತು.

"ಒರೆಸಬಹುದಿತ್ತಲ್ಲ ಡಾಕ್ಟರೇ?" ಎಂದರು ಭಾವ.

"ಅವ್ವ ಪೂಜಿ ಮಾಡಿ ಹಚ್ಚಿದ್ದನ್ನ ಹೆಂಗ ಒರಸಲಿ?" ದಿನಕ್ಕೆ ಹತ್ತು ಜನರನ್ನು ಎಚ್ಚರ ತಪ್ಪಿಸುವ ಡಾಕ್ಟರು ಆಗ ಶಾಲೆಯ ಹುಡುಗನ ಹಾಗೆ ಕಂಡರು. "ಬ್ರೆಜಿಲ್‌ದು ಹಿಂಗ ಇರ್ತದ ಅಂತ ಮಂದಿಗೆ ಹೇಳಿಬಿಟ್ಟೆ."

ಒಂದು ದೇಶದ ಕಾರ್ಖಾನೆಯನ್ನೇ ಅವರು ತಾಯಿಯ ಸಲುವಾಗಿ ಬಲಿ ಕೊಟ್ಟಿದ್ದರು.

ಮೈದಾನದಲ್ಲಿ ಬಂದೂಕು ತೊಳೆಯಲು ಒಂದು ಮೇಜು, ಬ್ರಷ್ಷು, ದ್ರಾವಣ ಎಲ್ಲ ಇದ್ದವು. ಡಾಕ್ಟರು ಪಿಸ್ತೂಲನ್ನು ಬಿಚ್ಚಿದರು. ತೊಳೆಯುವುದು ನನ್ನ ದಿನನಿತ್ಯದ ಉದ್ಯೋಗವಾದ್ದರಿಂದ ನಾನು ತೋಳು ಮಡಿಸಿದೆ. ಇದನ್ನು ಕಾರಿನ ಗಾಜಿನಿಂದ ಕಂಡ ಅಜ್ಜಿ ಉಪ್ಪಿಟ್ಟಿನ ಡಬ್ಬಿಯ ಸಮೇತ ಇಳಿದು ಬಂದರು.

"ಏನು ಮಾಡಾಕ ಹತ್ತೀ ಯವ್ವಾ? ಕುಂಕುಮ ಒರಸಬ್ಯಾಡ! ಹೆಣ್ಣಮಗಳಾಗಿ ಕುಂಕುಮ ಒರಸತೀಯಲ್ಲ!"

"ಅಜ್ಜಿ, ಒಳಗೆ ಹೋದ್ರೆ ಇದಕ್ಕೆ ಉಸಿರು ಕಟ್ಟುತ್ತೆ."

"ಕಟ್ಟಲಿ. ಯಾರನ್ನೂ ಕೊಲ್ಲಂಗಿಲ್ಲ, ಛಲೋ ಆತು."

ಅಕ್ಕ ಅವರನ್ನು ಬೆಂಚಿನ ಮೇಲೆ ಕೂರಿಸಿ ಸಂಧಾನ ನಡೆಸಿದಳು. ಕೊನೆಗೆ ತೀರ್ಮಾನವಾದದ್ದು ಹೀಗೆ: ಒಳಗಿನದನ್ನು ತೆಗೆಯಬಹುದು, ಮರದ ಹಿಡಿಯ ಮೇಲಿನದು ಇರಬೇಕು. ನಾನು ಹಾಗೆಯೇ ಮಾಡಿದೆ. ಕುಂಕುಮದ ಬೊಟ್ಟಿಟ್ಟುಕೊಂಡ ಪಿಸ್ತೂಲು ಮತ್ತೆ ಕೂಡಿಕೊಂಡು, ಡಬ್ಬಿಯಲ್ಲಿದ್ದ ಎಲ್ಲ ಗುಂಡುಗಳನ್ನೂ ಒಂದೇ ಸಮ ಹಾರಿಸಿತು. ಇನ್ನೊಂದು ಡಬ್ಬಿ ಹಾಕಿದರು, ಅದೂ ಹಾರಿತು. ಭಾವ ಹಾರಿಸಿದರು. ಆಮೇಲೆ ನಾನು. ಗುರಿಗೆಂದು ನಿಲ್ಲಿಸಿದ್ದ ಕಾಗದದ ಮನುಷ್ಯನಿಗೆ ನನ್ನ ಗುಂಡುಗಳು ಎಲ್ಲಿ ತಗುಲಿದವೆಂದು ಭಾವ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ, ನಾನು ಹೇಳುವುದಿಲ್ಲ. ಪಿಸ್ತೂಲನ್ನು ಕೆಳಗಿಟ್ಟಾಗ ನನ್ನ ಕೈ ಬೆಚ್ಚಗಿತ್ತು. ಇದನ್ನು ಬೀಗ ಹಾಕಿಡಬೇಕು, ತೊಳೆಯಬೇಕು, ಎಣ್ಣೆ ಹಾಕಬೇಕು, ಎಲ್ಲಿದೆಯೆಂದು ಸದಾ ನೆನಪಿಡಬೇಕು ಎಂದು ಯೋಚಿಸಿದೆ. ಒಂಟಿಯಾಗಿರಬೇಕೆಂದು ಹೊರಟವಳಿಗೆ ಮನೆಯಲ್ಲಿ ಇನ್ನೊಬ್ಬರು ಬಂದು ಸೇರಿದ ಹಾಗೆ ಅನ್ನಿಸಿತು.

ಉಪ್ಪಿಟ್ಟು ತಿಂದು ಹೊರಟೆವು. ಕಾರಿನಲ್ಲಿ ನಾನು ಭಾವನ ಪಕ್ಕ ಕೂತೆ.

"ಭಾವ, ಈಗ ಗೊತ್ತಾಯ್ತಲ್ಲ. ಪಿಸ್ತೂಲಿನಲ್ಲಿ ಏನೂ ದೋಷ ಇರಲಿಲ್ಲ."

"ಇರಲಿಲ್ಲ" ಎಂದು ಒಪ್ಪಿದರು. ಸ್ವಲ್ಪ ದೂರ ಹೋದ ಮೇಲೆ, "ಆದ್ರೆ ಯೋಚ್ನೆ ಮಾಡು. ಇಷ್ಟು ದಿನ ನಾವು ಕೇಳಿದ್ದೆಲ್ಲ ಒಂದೇ ಪಿಸ್ತೂಲಿನ ಕತೆ. ಅಂದ್ರೆ ನಮ್ಮ ಹತ್ರ ಇರೋದು ಒಂದೇ ಅಭಿಪ್ರಾಯ. ಅದೂ ಈಗ ಉಲ್ಟಾ ಆಯ್ತು. ಸ್ಪೇನಿಂದು ಇಟ್ಕೊಂಡೋರು ಯಾರಾದ್ರೂ ಫ್ರೀಮಾಂಟ್ ಕಡೆ ಇದ್ದಾರಾ ಅಂತ ಮೊದಲಿಂದ ವಿಚಾರಿಸಬೇಕು."

ಹಿಂದಿನಿಂದ ಅಕ್ಕ, "ರೀ!" ಎಂದಳು. ಅಷ್ಟೇ.

ನನಗೆ ಕೋಪ ಬರುವುದು ಕಡಿಮೆ. ಬಂದರೂ ಹೊರಗೆ ಕಾಣಿಸುವುದಿಲ್ಲ ಎನ್ನುತ್ತಾರೆ. ಕೈಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡು ಕೇಳಿದೆ: "ಭಾವ, ನನಗೆ ಪಿಸ್ತೂಲು ಬೇಡ. ಒಂದು ಪ್ರಶ್ನೆ ಇದೆ. ಒಬ್ಬಳೇ ಮನೆ ಮಾಡ್ಕೊಂಡಿರೋ ಹೆಂಗಸನ್ನ ಯಾರನ್ನಾದ್ರೂ ಕೇಳಿದ್ರಾ, ಹೇಗಿದೆ ಅಂತ?"

ಭಾವ ಕನ್ನಡಿಯಲ್ಲಿ ಅಕ್ಕನ ಕಡೆ ನೋಡಿದರು.

"ಪಿಸ್ತೂಲು ಇಟ್ಕೊಂಡೋರನ್ನೆಲ್ಲ ಕೇಳಿದ್ರಿ. ಅವರೆಲ್ಲ ಗಂಡ ಹೆಂಡತಿ ಮಕ್ಕಳು ಅತ್ತೆ ಮಾವ ತುಂಬ್ಕೊಂಡು ಇರೋರು. ನಾನು ತಗೋತಾ ಇರೋದು ಒಂಟಿ ಮನೆ. ಅದನ್ನ ಇಟ್ಕೊಂಡೋರು ಒಬ್ಬರನ್ನೂ ಕೇಳಲಿಲ್ಲ."

"ಅಂಥೋರು ನಮ್ಮಲ್ಲಿ ಯಾರಿದಾರೆ?"

"ಮುಂದಿನ ಎಕ್ಸಿಟ್ಟು ತಗೊಳ್ಳಿ."

ತಗೊಂಡರು. ಬೇರೆ ದಾರಿಯಿರಲಿಲ್ಲ, ಅವರದೇ ಸಿದ್ಧಾಂತ ಅವರನ್ನು ಕೈಹಿಡಿದು ಕರೆದೊಯ್ಯುತ್ತಿತ್ತು.

ಮುದುಕಿ ಬಾಗಿಲು ತೆರೆದಾಗ ಏಪ್ರನ್ನಿನ ಮೇಲೆಲ್ಲ ಹಿಟ್ಟಾಗಿತ್ತು. ನಮ್ಮಿಂದ ಗುಂಡಿನ ಮದ್ದಿನ ವಾಸನೆ ಬರುತ್ತಿದ್ದಿರಬೇಕು. ಏನೂ ಕೇಳದೆ ಒಳಗೆ ಕರೆದರು. ಭಾವ ಕುರ್ಚಿಯ ತುದಿಯಲ್ಲಿ ಕೂತು ತಮ್ಮ ಕೆಲಸ ಶುರು ಮಾಡಿದರು. ಎಷ್ಟು ಕಾಲದಿಂದ ಒಬ್ಬರೇ ಇದ್ದೀರಿ? ಗಂಡ ಸತ್ತಾಗಿನಿಂದ; ಆ ಕಿಟಕಿಯಾಚೆಯ ಮರ ಆಗ ಮೊಣಕಾಲುದ್ದ ಇತ್ತು. ತೊಂದರೆ ಏನಾದರೂ? ಒಬ್ಬಳಿಗಾಗುವಷ್ಟೇ ಬೇಯಿಸುವ ಅಳತೆ ಹಿಡಿಯಲು ಎರಡು ವರ್ಷ ಬೇಕಾಯಿತು. ಅಲ್ಲಿಯವರೆಗೆ ಮಾಡಿದ್ದೆಲ್ಲ ಜಾಸ್ತಿಯಾಗುತ್ತಿತ್ತು. ಹೆದರಿಕೆ? ಆಗುತ್ತದೆ; ಆಗ ಎದ್ದು ದೀಪ ಹಾಕಿ, ರೇಡಿಯೋ ಹಾಕಿ, ಎದುರುಮನೆಯವಳಿಗೆ ಫೋನು ಮಾಡಿ ಅವಳ ಗಂಡನನ್ನು ಬೈಯುತ್ತೇನೆ. ಕೊನೆಗೆ ಭಾವ ತುಸು ಮುಂದೆ ಬಗ್ಗಿ, ಪಿಸ್ತೂಲು ಇಟ್ಟಿದ್ದೀರಾ ಎಂದು ಕೇಳಿದರು.

ಗಂಡನದಿತ್ತು, ಎಂದರು ಮುದುಕಿ. ತುಂಬ ನಂಬಿಕಸ್ಥ ಪಿಸ್ತೂಲು. ಮೂವತ್ತು ವರ್ಷ ಆ ಡ್ರಾಯರಿನಲ್ಲಿತ್ತು, ಒಂದು ದಿನವೂ ಏನೂ ಮಾಡಲಿಲ್ಲ. ಆತ ಹೋದ ಮೇಲೆ ಮಾರಿ ಬಣ್ಣದ ಟಿವಿ ತಂದೆ. ಅದಂತೂ ದಿನವೂ ಕೆಲಸ ಮಾಡುತ್ತದೆ.

ಭಾವ ನಕ್ಕರು. ತಿಂಗಳಿಂದ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಬಾಗಿಲ ಬೀಗ ಎರಡು ಸಲ ಹಾಕಿ ತೆಗೆದರು, ಹೊರಗೆ ಹೋಗಿ ಮೆಟ್ಟಿಲ ಮೇಲಿನ ದೀಪದ ಸ್ವಿಚ್ಚು ಹುಡುಕಿದರು, ಇನ್ನೂ ಏನೇನೋ ಕೇಳಿದರು. ಮುದುಕಿ ನನ್ನ ಕಡೆ ವಾಲಿ, ಇಲ್ಲಿಗೆ ಬರುವವರು ಈತನೋ ನೀನೋ ಎಂದು ಪಿಸುಗುಟ್ಟಿದರು. ಅಕ್ಕ ಅಷ್ಟರಲ್ಲಿ ಮೇಲಿನ ಅಡುಗೆಮನೆಯ ಕಪಾಟುಗಳನ್ನೆಲ್ಲ ತೆರೆದು ನೋಡಿ ಕೆಳಗೆ ಬಂದಿದ್ದಳು.

"ಊರಲ್ಲಿ ನಿಮ್ಮಮ್ಮ ಕೇಳಿದ್ರೆ ಏನು ಹೇಳಲಿ ನಾನು?" ಎಂದು ಭಾವ ಅವಳನ್ನು ಕನ್ನಡದಲ್ಲಿ ಕೇಳಿದರು. "ನಿಮ್ಮ ಮಗಳನ್ನ ಜೋಪಾನವಾಗಿ ನೋಡ್ಕೋತೀನಿ ಅಂತ ಮಾತು ಕೊಟ್ಟು ಕರ್ಕೊಂಡು ಬಂದೋನು ನಾನು."

ಇಷ್ಟು ವಾರಗಳಲ್ಲಿ ಅವರು ಆಡಿದ ಮೊದಲ ನಿಜವಾದ ಕಾರಣ ಅದು. ಅದಕ್ಕೆ ಬೆಲೆಯಾಗಲಿ ಗ್ಯಾರಂಟಿಯಾಗಲಿ ಸಂಬಂಧವಿರಲಿಲ್ಲ.

"ಜೋಪಾನವಾಗೇ ಇದಾಳೆ, ಕೆಳಗಡೆ ಒಬ್ರು ಅಜ್ಜಿ ಇದಾರೆ ಅಂತ ಹೇಳಿ" ಎಂದಳು ಅಕ್ಕ. "ಅಮ್ಮನಿಗೆ ಅಷ್ಟು ಸಾಕು. ಅಜ್ಜಿ ಯಾವ ದೇಶದೋರು ಅಂತ ಕೇಳಲ್ಲ."

ಮುದುಕಿ ಬಾಡಿಗೆಯ ಕರಾರಿನ ಕಾಗದ ತಂದು ಮೇಜಿನ ಮೇಲೆ ಹರಡಿ, ಪೆನ್ನನ್ನು ಭಾವನ ಕಡೆ ಚಾಚಿದರು. ಭಾವ ಅದನ್ನು ತೆಗೆದುಕೊಂಡು ಕ್ಷಣ ಹೊತ್ತು ಬೆರಳುಗಳ ನಡುವೆ ಹಿಡಿದುಕೊಂಡರು. ಮತ್ತೆ ನನಗೆ ಕೊಟ್ಟರು. "ಪೂರ್ತಿ ಓದಿ ಸೈನ್ ಮಾಡು. ಅರ್ಜೆಂಟಿಲ್ಲ."

ಓದಿದೆ. ನನ್ನ ಹೆಸರನ್ನು ಬರೆದೆ. ಅದರ ಕೆಳಗೆ ಇನ್ನೊಬ್ಬರ ಹೆಸರಿಗೆಂದು ಬಿಟ್ಟಿದ್ದ ಗೆರೆಯ ಮೇಲೆ ಮುದುಕಿ ತಾವೇ ಒಂದು ಅಡ್ಡಗೀಟು ಎಳೆದು, ಮನೆ ಖಾಲಿಯೇ ಇದೆ, ಬೇಕಾದರೆ ಇವತ್ತೇ ಬಂದುಬಿಡು ಎಂದರು.

"ಇವತ್ತಾ!" ಎಂದಳು ಅಕ್ಕ ನನ್ನ ತೋಳು ಹಿಡಿದು. "ಶನಿವಾರ. ಅದರ ಮೇಲೆ ಅಮಾವಾಸ್ಯೆ. ಆಗಲ್ಲ ಅಂತ ಹೇಳು."

ಇದನ್ನು ಹೇಗೆ ಹೇಳುವುದೆಂದು ಯೋಚಿಸಿ, ಇವತ್ತು ಚಂದ್ರನಿಲ್ಲ, ಅದಕ್ಕೆ ಬರಲಾಗುವುದಿಲ್ಲ ಎಂದೆ. ಮುದುಕಿ ನನ್ನನ್ನೂ ಅಕ್ಕನನ್ನೂ ಸರದಿಯಾಗಿ ನೋಡಿದರು. ತಮ್ಮ ತಾಯಿಯೂ ಶುಕ್ರವಾರ ಮನೆ ಬದಲಿಸಲು ಬಿಡುತ್ತಿರಲಿಲ್ಲ ಎಂದರು. ಹಬ್ಬದ ಹಿಂದಿನ ದಿನ, ಬುಧವಾರ ಆಗಬಹುದೇ?

ಅಕ್ಕ ಬೆರಳು ಮಡಿಸಿ ತಿಥಿ ಎಣಿಸಿದಳು. ಆಗಬಹುದು ಎಂದಳು.

ಬುಧವಾರ ಹೋದೆ.